ಮಾಸ್ಟೊಡಾನ್ ಹೋಮ್ ಖಾಲಿ ಕಾಣುತ್ತಿದ್ದರೆ

ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣ ಸೇರಿ ಒಂದು ವಾರವಾದರೂ ಹೋಮ್ ಪುಟ ಖಾಲಿ, ಅದೇ ಥರದ ಬ್ಲೂಸ್ಕೈಗೆ ಹೋಗಲಾ ಅಂತ ಕೇಳಿದ್ದೀರಿ. ಖಾತೆಯಲ್ಲಿ ತೊಂದರೆ ಇರಲಾರದು. ನೀವಿನ್ನೂ ಜಾಸ್ತಿ ಜನರನ್ನು ಫಾಲೋ ಮಾಡಿಲ್ಲ, ಬಹುಶಃ ಅಷ್ಟೇ. ಎಕ್ಸ್ (ಹಿಂದಿನ ಟ್ವಿಟರ್) ಥರ ಇಲ್ಲಿ ಅಲ್ಗಾರಿದಮ್ ಹೋಮ್‌ಗೆ ಏನನ್ನೂ ತಂದು ಸುರಿಯುವುದಿಲ್ಲ. ನೀವು ಫಾಲೋ ಮಾಡಿದ್ದು ಮಾತ್ರ, ಹಾಕಿದ ಹೊತ್ತಿನ ಕ್ರಮದಲ್ಲಿ ಬರುತ್ತದೆ.

ಮೊದಲು ಪ್ರೊಫೈಲ್‌ಗೆ ಚಿತ್ರ, ಎರಡು ಸಾಲು ಪರಿಚಯ ಹಾಕಿ. ಖಾಲಿ ಖಾತೆ ಕಂಡರೆ ಜನ ಸ್ಪ್ಯಾಮ್ ಅಂದುಕೊಳ್ಳುತ್ತಾರೆ. ಆಮೇಲೆ #ಕನ್ನಡ ಅಂತ ಹುಡುಕಿ, ಆ ಹ್ಯಾಶ್‌ಟ್ಯಾಗನ್ನೇ ಫಾಲೋ ಮಾಡಿ. ಹೌದು, ಮನುಷ್ಯರನ್ನಷ್ಟೇ ಅಲ್ಲ, ಟ್ಯಾಗನ್ನೂ ಫಾಲೋ ಮಾಡಬಹುದು! ಅಲ್ಲಿ ಬರೆಯುವವರಲ್ಲಿ ಇಷ್ಟವಾದ ಹತ್ತಿಪ್ಪತ್ತು ಜನರನ್ನು ಸೇರಿಸಿಕೊಳ್ಳಿ.

ಮಾಸ್ಟೊಡಾನ್ ಒಂದೇ ತಾಣವಲ್ಲ, ಬೇರೆಬೇರೆಯವರು ನಡೆಸುವ ಹಲವು ಸರ್ವರ್‌ಗಳ ಜಾಲ. ಟ್ಯಾಗ್ ಹುಡುಕಿದರೂ ನಾಲ್ಕೇ ಪೋಸ್ಟ್ ಸಿಕ್ಕರೆ ನಿಮ್ಮ ಸರ್ವರ್ ಚಿಕ್ಕದಿರಬೇಕು. ಅದಕ್ಕೆ ತಲುಪಿದ ಪೋಸ್ಟ್‌ಗಳಷ್ಟೇ ನಿಮಗೆ ಕಾಣುತ್ತವೆ. ಆಗ ದೊಡ್ಡ ಸರ್ವರ್‌ನಲ್ಲಿ ಹೊಸ ಖಾತೆ ತೆರೆದು, ಸೆಟ್ಟಿಂಗ್ಸ್‌ನಿಂದ ಹಳೆಯದನ್ನು ಅಲ್ಲಿಗೆ ಸಾಗಿಸಿ. ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ಹಾಗಾಗಿ ಮಾಡುವುದಿದ್ದರೆ ಈಗಲೇ ಮಾಡಿ.

ಬ್ಲೂಸ್ಕೈನಲ್ಲಿ ಸರ್ವರ್ ಆರಿಸುವ ತಲೆನೋವಿಲ್ಲ. 2024ರ ಫೆಬ್ರವರಿಯಿಂದ ಸೇರಲು ಆಹ್ವಾನವೂ ಬೇಡ. ಅಲ್ಗಾರಿದಮ್ ಆರಿಸಿದ ಪೋಸ್ಟ್‌ಗಳನ್ನು ತೋರಿಸುವ ಡಿಸ್ಕವರ್ ಫೀಡ್ ಮೊದಲ ದಿನವೇ ತುಂಬಿರುತ್ತದೆ. ಆದರೆ ಪೋಸ್ಟಿಗೆ 300 ಅಕ್ಷರ ಮಿತಿ. ಮಾಸ್ಟೊಡಾನ್‌ನಲ್ಲಿ ಸಾಮಾನ್ಯವಾಗಿ 500. ಎಕ್ಸ್‌ನ ಉಚಿತ ಖಾತೆಗೆ 280, ಅದರಲ್ಲೂ ಒತ್ತಕ್ಷರಕ್ಕೆ ದಂಡ: ‘ಸ್ತ್ರೀ’ ಒಂದೇ ಆರು ಅಕ್ಷರ ತಿನ್ನುತ್ತದೆ.

ಉದ್ದಕ್ಕೆ ಬರೆಯುವವರಾದರೆ ಮಾಸ್ಟೊಡಾನ್‌ನಲ್ಲೇ ಇರಿ. ಸುಮ್ನೆ ಓದಲಿಕ್ಕಾದರೆ ಬ್ಲೂಸ್ಕೈ ಸಾಕು.