ಗೌರವಧನವೋ ಶುಲ್ಕವೋ: ಒಬ್ಬ ತರಬೇತುದಾರರ ಪ್ರಕರಣ

(ಸಲಹೆ ಪಡೆದವರ ಒಪ್ಪಿಗೆಯೊಂದಿಗೆ, ಗುರುತು ಸಿಗದಂತೆ ಹೆಸರು, ವಯಸ್ಸು ಮತ್ತು ಕೌಟುಂಬಿಕ ವಿವರಗಳನ್ನು ಬದಲಿಸಿ ಬರೆಯಲಾಗಿದೆ.)

ಇಲ್ಲಿ ಶಾರದಾ ಎಂದು ಕರೆದಿರುವ 43 ವರ್ಷದ ಈ ಮಹಿಳೆ ಧಾರವಾಡದವರು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಸ್ವಯಂಸೇವಾ ಸಂಸ್ಥೆಯೊಂದರಲ್ಲಿ 11 ವರ್ಷ ದುಡಿದ ಮೇಲೆ, ಕಳೆದ 6 ವರ್ಷಗಳಿಂದ ಸ್ವತಂತ್ರವಾಗಿ ತರಬೇತಿ ನೀಡುತ್ತಿದ್ದಾರೆ. ಸ್ವಸಹಾಯ ಸಂಘಗಳ ಮಹಿಳೆಯರಿಗೆ ಗುಂಪು ನಿರ್ವಹಣೆ, ಶಿಕ್ಷಕರಿಗೆ ಸಂವಹನ ಕಾರ್ಯಾಗಾರ, ಅಪರೂಪಕ್ಕೆ ಕಾರ್ಖಾನೆಗಳ ಮೇಲ್ವಿಚಾರಕರಿಗೆ ತಂಡದ ತರಬೇತಿ ಇವು ಅವರ ಕೆಲಸ. ಅವರು ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದದ್ದು ದುಡ್ಡಿನ ಪ್ರಶ್ನೆ ಹಿಡಿದುಕೊಂಡಲ್ಲ. ತರಬೇತಿಯ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಮನೆಯಲ್ಲಿ ಸಣ್ಣ ಮಾತಿಗೂ ಸಿಡುಕುತ್ತಿದ್ದರು, ಎಲ್ಲಕ್ಕಿಂತ ಹೆಚ್ಚಾಗಿ ಶಿಬಿರಕ್ಕೆ ಬಂದ ಹೆಣ್ಣುಮಕ್ಕಳ ಮೇಲೆಯೇ ಸಿಟ್ಟು ಬರತೊಡಗಿದ್ದು ಅವರನ್ನು ಹೆದರಿಸಿತ್ತು. ಹಸಿವು, ದಿನಚರಿ, ಆಸಕ್ತಿಗಳನ್ನು ವಿಚಾರಿಸಿದಾಗ ಖಿನ್ನತೆಯ ಲಕ್ಷಣಗಳು ನನಗೆ ಕಾಣಲಿಲ್ಲ. ಹಾಗಾಗಿ ಆ ಸಿಟ್ಟು ಯಾವ ದಿನ ಶುರುವಾಯಿತೆಂದು ಕೇಳಿದೆ.

ಅವರು ರಾಣೆಬೆನ್ನೂರು ಕಡೆಯ ಎರಡು ದಿನಗಳ ಶಿಬಿರವೊಂದನ್ನು ನೆನೆದರು. 25 ಜನ ಬರುತ್ತಾರೆಂದು ಹೇಳಿದ್ದ ಕಡೆ 42 ಜನ ಬಂದಿದ್ದರು. ತಮ್ಮ ಕೈಯಿಂದಲೇ ತಂದಿದ್ದ ಚಾರ್ಟ್ ಪೇಪರ್ ಮೊದಲ ದಿನ ಮಧ್ಯಾಹ್ನಕ್ಕೇ ಮುಗಿದು, ಹಾಳೆಗಳನ್ನು ಅರ್ಧಕ್ಕೆ ಹರಿದು ಹಂಚಿದ್ದರು. ಕೊನೆಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿಯ ಜೊತೆ ಒಂದು ಕವರು ಕೊಟ್ಟರು. ಬಸ್ಸಿನಲ್ಲಿ ಕುಳಿತು ಬಿಚ್ಚಿ ನೋಡಿದರೆ ಅದರಲ್ಲಿ ₹1,001 ಇತ್ತು. ಉಳಿದ ₹2,000 ನಾಲ್ಕು ತಿಂಗಳ ನಂತರ, ಮೂರು ಬಾರಿ ಫೋನ್ ಮಾಡಿದ ಮೇಲೆ ಬಂದಿತು. ಶಿಬಿರ ಮುಗಿದ ಸಂಜೆಯೇ ಶಾಮಿಯಾನ ಮತ್ತು ಮೈಕ್‌ನವರಿಗೆ ₹9,000 ಎಣಿಸಿ ಕೊಟ್ಟದ್ದನ್ನು ಅವರು ಕಣ್ಣಾರೆ ಕಂಡಿದ್ದರು. "ಮೈಕ್‌ನವರಿಗೆ ಕೊಟ್ಟದ್ದು ತಪ್ಪಲ್ರಿ ಮೇಡಂ, ಅವ್ರು ಮೊದ್ಲ ರೇಟ್ ಹೇಳಿದ್ರು. ನಂಗ ರೊಕ್ಕದ ಮಾತು ಬಂದ್ರ ನಾಲಿಗಿ ಒಣಗ್ತದ್ರಿ," ಎಂದರು.

ನಾನು ಎರಡನೇ ಭೇಟಿಯಲ್ಲೇ ಲೆಕ್ಕಕ್ಕೆ ಕೈಹಾಕಿದೆ, ಅದು ಅವಸರವಾಯಿತು. ಅವರು ತಲೆತಗ್ಗಿಸಿ ಕುಳಿತರು. ಸ್ವಲ್ಪ ಹೊತ್ತಿನ ನಂತರ ತಂದೆಯ ಮಾತು ತೆಗೆದರು. ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಿಕ್ಷಕರಾಗಿದ್ದ ಅವರು ಸಂಜೆ ಮನೆಯ ಕಟ್ಟೆಯ ಮೇಲೆ ಓಣಿಯ ಮಕ್ಕಳಿಗೆಲ್ಲ ಪಾಠ ಹೇಳುತ್ತಿದ್ದರು, ಯಾರಿಂದಲೂ ಒಂದು ರೂಪಾಯಿ ಮುಟ್ಟಿದವರಲ್ಲ. ವಿದ್ಯೆ ಮಾರಬಾರದು ಎಂಬ ಮಾತು ಶಾರದಾ ಅವರಿಗೆ ತಂದೆಯ ದನಿಯಲ್ಲೇ ಕೇಳಿಸುತ್ತಿತ್ತು. ಆ ದನಿಯೊಂದಿಗೆ ವಾದಕ್ಕಿಳಿಯುವುದು ನನ್ನ ಕೆಲಸವಾಗಿರಲಿಲ್ಲ. ಕಟ್ಟೆಯ ಪಾಠ ನಡೆಯುತ್ತಿದ್ದಾಗ ಮನೆಯ ಕಿರಾಣಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು ಎಂದಷ್ಟೇ ಕೇಳಿದೆ. ಸರ್ಕಾರಿ ಸಂಬಳ ಇತ್ತು, ಆಮೇಲೆ ಪಿಂಚಣಿ ಬಂತು ಎಂದರು. ಹಾಗೆ ಹೇಳಿ ಬಹಳ ಹೊತ್ತು ಸುಮ್ಮನಿದ್ದರು. ತಂದೆಯ ಕೊಡುಗೆ ನಿಂತಿದ್ದು ತಿಂಗಳ ಮೊದಲ ವಾರದ ಸಂಬಳದ ಮೇಲೆ. ಮಗಳು ಅದೇ ಕೊಡುಗೆಯನ್ನು ಸಂಬಳವಿಲ್ಲದೆ, ಪಿಯುಸಿ ಓದುವ ಮಗಳ ಶುಲ್ಕದ ನಡುವೆ ಮಾಡಲು ಹೊರಟಿದ್ದರು. ಈ ಪ್ರಕರಣದಲ್ಲಿ ದಾರಿ ತಿರುಗಿದ್ದು ಅಲ್ಲಿಯೇ ಎಂದು ನಾನು ಭಾವಿಸುತ್ತೇನೆ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ನಮ್ಮಲ್ಲಿ ತರಬೇತುದಾರರನ್ನು 'ಸಂಪನ್ಮೂಲ ವ್ಯಕ್ತಿ' ಎಂದು ಕರೆಯುತ್ತಾರೆ, ಅವರಿಗೆ ಕೊಡುವುದನ್ನು 'ಗೌರವಧನ' ಎನ್ನುತ್ತಾರೆ. ಗೌರವಧನದ ಮೊತ್ತವನ್ನು ಕೊಡುವವರು ನಿರ್ಧರಿಸುತ್ತಾರೆ, ಪಡೆಯುವವರು ಕೈಮುಗಿದು ಸ್ವೀಕರಿಸುತ್ತಾರೆ. ಬೇರೆ ನೌಕರಿಯಲ್ಲಿರುವವರು ವರ್ಷಕ್ಕೊಂದು ಉಪನ್ಯಾಸ ಕೊಟ್ಟು ಬಂದಾಗ ಈ ಪದ್ಧತಿ ಸುಂದರವಾಗಿಯೇ ಇದೆ. ಅದನ್ನೇ ಕಸುಬಾಗಿ ನಂಬಿದವರ ವಿಷಯದಲ್ಲಿ ಅದು ಅನ್ಯಾಯವಾಗುತ್ತದೆ, ಏಕೆಂದರೆ ಮೊತ್ತ ಎಷ್ಟೆಂದು ಕೇಳುವುದೇ ಗೌರವಕ್ಕೆ ಕುಂದು ಎಂಬಂತಾಗಿಬಿಡುತ್ತದೆ. ಆದ್ದರಿಂದ ಮಾತಿನಲ್ಲಿಯೂ ಪತ್ರದಲ್ಲಿಯೂ 'ತರಬೇತಿ ಶುಲ್ಕ' ಎಂಬ ಪದವನ್ನೇ ಬಳಸಬೇಕೆಂಬುದು ನಾನು ಅವರಿಗೆ ಕೊಟ್ಟ ಮೊದಲ ಸಲಹೆ.

ನಾಲ್ಕನೇ ಭೇಟಿಗೆ ಅವರು ತಮ್ಮ ಡೈರಿ ತಂದರು. ಹಿಂದಿನ ವರ್ಷ 96 ದಿನ ತರಬೇತಿ ನೀಡಿ ಅವರು ಗಳಿಸಿದ್ದು ₹1,84,000, ಅಂದರೆ ದಿನಕ್ಕೆ ಸುಮಾರು ₹1,900. ಒಂದು ದಿನದ ತರಬೇತಿಗೆ ಒಂದು ದಿನದ ಸಿದ್ಧತೆ ಬೇಕಾಗುತ್ತಿತ್ತು. ಪ್ರಯಾಣ, ಫೋನ್ ಮಾತುಕತೆ ಮತ್ತು ವರದಿ ಬರೆಯುವುದು ಸೇರಿ ಇನ್ನೊಂದು ದಿನ ಹೋಗುತ್ತಿತ್ತು. ಹಾಗೆ ನೋಡಿದರೆ ಅವರು ದುಡಿದದ್ದು 288 ದಿನ. ಆ ಸಂಖ್ಯೆಯನ್ನು ಅವರೇ ಪೆನ್ಸಿಲಿನಲ್ಲಿ ಬರೆದು, ಸುತ್ತ ಒಂದು ಗೆರೆ ಎಳೆದು, ಮತ್ತೆ ಅದರ ಮೇಲೆಯೇ ಗೆರೆ ಎಳೆಯುತ್ತಾ ಕುಳಿತರು.

ನಂತರ ಮುಂದಿನಿಂದ ಹಿಂದಕ್ಕೆ ಲೆಕ್ಕ ಹಾಕಿದೆವು. ಮನೆಗೆ ಅವರ ಪಾಲು ತಿಂಗಳಿಗೆ ₹30,000, ವರ್ಷಕ್ಕೆ ₹3,60,000. ಮುದ್ರಣ, ಸಾಮಗ್ರಿ, ಫೋನ್, ಲ್ಯಾಪ್‌ಟಾಪ್ ಖರ್ಚು ₹60,000. ಆರೋಗ್ಯ ವಿಮೆ ಮತ್ತು ವಯಸ್ಸಾದ ಕಾಲದ ಉಳಿತಾಯಕ್ಕೆ ₹80,000. ಒಟ್ಟು ₹5,00,000. ಆರೋಗ್ಯ ಕೆಡಿಸಿಕೊಳ್ಳದೆ ವರ್ಷಕ್ಕೆ 70 ದಿನ ತರಬೇತಿ ನೀಡಬಹುದು ಎಂದಾದರೆ ದಿನವೊಂದಕ್ಕೆ ಸರಾಸರಿ ₹7,100ಕ್ಕಿಂತ ಸ್ವಲ್ಪ ಹೆಚ್ಚು ಬರಬೇಕು. "ಏಳು ಸಾವಿರಾ? ನನಗ್ಯಾರು ಕೊಡ್ತಾರ್ರಿ?" ಎಂದು ಅವರು ನಕ್ಕರು, ಆದರೆ ಕಣ್ಣು ತುಂಬಿತ್ತು.

ಎಲ್ಲರಿಂದಲೂ ಒಂದೇ ಮೊತ್ತ ಕೇಳುವುದು ನ್ಯಾಯವಲ್ಲ ಎಂಬ ಅವರ ಹಟವನ್ನು ನಾನು ಪೂರ್ತಿ ಒಪ್ಪಿದೆ. ಹೀಗಾಗಿ ಮೂರು ದರಗಳನ್ನು ಗೊತ್ತುಮಾಡಿಕೊಂಡರು. ಕಂಪನಿಗಳಿಗೆ ದಿನಕ್ಕೆ ₹15,000ದಂತೆ 15 ದಿನ, ದಾನಿಗಳ ನೆರವಿನಿಂದ ನಡೆಯುವ ಸಂಸ್ಥೆಗಳಿಗೆ ₹6,500ರಂತೆ 40 ದಿನ, ಸ್ವಂತ ಉಳಿತಾಯದಿಂದ ಕರೆಯುವ ಮಹಿಳಾ ಸಂಘಗಳಿಗೆ ₹2,000ದಂತೆ 15 ದಿನ, ಒಟ್ಟು ₹5,15,000. ಯಾವ ದರ ಅನ್ವಯಿಸುತ್ತದೆ ಎಂಬುದನ್ನು ಕರೆಯುವವರ ದೈನ್ಯದ ದನಿ ಕೇಳಿ ನಿರ್ಧರಿಸದೆ, "ಈ ಕಾರ್ಯಕ್ರಮಕ್ಕೆ ಹಣ ಎಲ್ಲಿಂದ ಬರುತ್ತಿದೆ, ತರಬೇತಿಗೆಂದು ಎಷ್ಟು ಇಟ್ಟಿದ್ದೀರಿ" ಎಂದು ನೇರವಾಗಿ ಕೇಳಬೇಕೆಂದು ಹೇಳಿದೆ. ಕಂಪನಿಯ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ನಡೆಯುವ ಶಿಬಿರದಲ್ಲಿ ಊಟಕ್ಕೂ ಬ್ಯಾನರಿಗೂ ಹಣ ಮೀಸಲಿದ್ದು, ಪಾಠ ಹೇಳುವವರಿಗೆ ಮಾತ್ರ 'ಸೇವೆ ಎಂದು ತಿಳಿಯಿರಿ' ಎನ್ನುವುದನ್ನು ಅವರು ಇನ್ನು ಒಪ್ಪಬೇಕಾಗಿಲ್ಲ. ಕಡಿಮೆ ದರದ 15 ದಿನಗಳು ತುಂಬಿದ ಮೇಲೆ ಕರೆದವರಿಗೆ ಮುಂದಿನ ವರ್ಷದ ದಿನಾಂಕ ಕೊಡಬೇಕು. ರಿಯಾಯಿತಿ ಕೊಟ್ಟಾಗಲೂ ಬಿಲ್ಲಿನಲ್ಲಿ ಪೂರ್ಣ ಶುಲ್ಕ, ಬಿಟ್ಟ ಮೊತ್ತ, ಕೊಡಬೇಕಾದ ಮೊತ್ತ ಮೂರನ್ನೂ ಬರೆಯಬೇಕು.

ಗುಂಪಿನ ಗಾತ್ರದ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಮಾತನಾಡಿದೆ. ಇದು ಭಾಷಣವಲ್ಲ, ಪ್ರತಿಯೊಬ್ಬರೂ ಬಾಯಿ ಬಿಡಬೇಕಾದ ಕೆಲಸ. ಮೂರು ಗಂಟೆಯ ಅವಧಿಯಲ್ಲಿ 25 ಜನರಿದ್ದರೆ ಒಬ್ಬೊಬ್ಬರ ಪಾಲಿಗೆ ಸುಮಾರು 7 ನಿಮಿಷ ಬರುತ್ತದೆ, 42 ಜನರಾದರೆ ಅದು 4 ನಿಮಿಷಕ್ಕೆ ಇಳಿಯುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ಹೊಸ ಸೊಸೆಗೆ ಅದೂ ಸಿಗುವುದಿಲ್ಲ. ಆದ್ದರಿಂದ 25 ದಾಟಿದರೆ ಗುಂಪನ್ನು ನಡೆಸಲು ಇನ್ನೊಬ್ಬ ಸುಗಮಕಾರರು ಬೇಕು, ಅವರ ಶುಲ್ಕವೂ ಬೇಕು ಎಂದು ಮೊದಲೇ ಬರೆದು ಕೊಡುವುದು ಶಿಬಿರಾರ್ಥಿಗಳ ಪರವಾಗಿಯೇ ಆಗುತ್ತದೆ. ಪ್ರಯಾಣ, ವಸತಿ, ಸಾಮಗ್ರಿಗಳ ವೆಚ್ಚ ಶುಲ್ಕದ ಹೊರಗೆ ಇರಬೇಕು. ಒಂದು ವಾರದೊಳಗೆ ರದ್ದು ಮಾಡಿದರೆ ಅರ್ಧ ಶುಲ್ಕ ಕೊಡಬೇಕು.

ಹಣ ತಡವಾಗುವುದಕ್ಕೆ ಕಾನೂನಿನಲ್ಲಿ ಒಂದು ಆಸರೆಯಿದೆ. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಲು ಶುಲ್ಕವಿಲ್ಲ, ಮತ್ತು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದದಲ್ಲಿಯೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ವರ್ಷದ ವಹಿವಾಟು ₹20 ಲಕ್ಷದೊಳಗೆ ಇರುವುದರಿಂದ ಜಿಎಸ್‌ಟಿಯ ಚಿಂತೆ ಅವರಿಗೆ ಸದ್ಯಕ್ಕಿಲ್ಲ. ಒಂದು ಸಂಸ್ಥೆ ಹಣ ಕೊಡುವಾಗ ಶೇ 10 ಮುರಿದುಕೊಂಡದ್ದನ್ನು ಅವರು ನಷ್ಟವೆಂದೇ ತಿಳಿದಿದ್ದರು; ಅದು ಮೂಲದಲ್ಲಿ ಕಡಿತವಾದ ತೆರಿಗೆ, ಆದಾಯ ತೆರಿಗೆ ವಿವರಪಟ್ಟಿ ಸಲ್ಲಿಸಿದಾಗ ಅದು ತಮ್ಮ ತೆರಿಗೆಗೆ ಹೊಂದಾಣಿಕೆಯಾಗುತ್ತದೆ, ಹೆಚ್ಚಾದದ್ದು ಮರಳಿ ಬರುತ್ತದೆ ಎಂದು ತಿಳಿಸಿ, ಉಳಿದದ್ದಕ್ಕೆ ಲೆಕ್ಕಪರಿಶೋಧಕರನ್ನು ಕಾಣಲು ಹೇಳಿದೆ.

ಇಷ್ಟಾದರೂ ಬಾಯಿಂದ ಮೊತ್ತ ಹೊರಡಬೇಕಲ್ಲ. ಎರಡು ಭೇಟಿಗಳಲ್ಲಿ ಫೋನ್ ಮಾತುಕತೆಯನ್ನು ಅಭಿನಯಿಸಿ ಅಭ್ಯಾಸ ಮಾಡಿದೆವು. "ದಿನಕ್ಕೆ ಆರೂವರೆ ಸಾವಿರ ಆಗ್ತದ್ರಿ" ಎಂದ ಮರುಕ್ಷಣವೇ "ಆದ್ರ ನಿಮಗೆಷ್ಟು ಅನುಕೂಲ ಆಗ್ತದೋ ಅಷ್ಟು ಕೊಡ್ರಿ" ಎಂಬುದು ತಾನಾಗಿ ಬಂದುಬಿಡುತ್ತಿತ್ತು. ಮೊತ್ತ ಹೇಳಿದ ಮೇಲೆ ಎದುರಿನವರು ಉತ್ತರಿಸುವವರೆಗೆ ಉಸಿರು ಎಣಿಸುತ್ತಾ ಸುಮ್ಮನಿರಬೇಕು ಎಂದೆ. ಏಳನೇ ಬಾರಿಗೆ ಅವರು ಸುಮ್ಮನಿದ್ದರು. ಸೆರಗಿನ ತುದಿ ಮಾತ್ರ ಬೆರಳಿಗೆ ಸುತ್ತಿಕೊಂಡಿತ್ತು.

ಆರು ತಿಂಗಳ ನಂತರದ ಭೇಟಿಯಲ್ಲಿ ತಿಳಿದದ್ದು ಇಷ್ಟು. ಹಳೆಯ ಎರಡು ಸಂಸ್ಥೆಗಳು ಮತ್ತೆ ಕರೆಯಲಿಲ್ಲ, ಅದರ ನೋವು ಇನ್ನೂ ಇತ್ತು. ಮೂರು ಸಂಸ್ಥೆಗಳು ಚೌಕಾಸಿಯಿಲ್ಲದೆ ಒಪ್ಪಿದವು. ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನಾಲ್ಕು ದಿನಗಳ ಕೆಲಸ ಸಿಕ್ಕಿತ್ತು. ನಿದ್ದೆ ಸುಧಾರಿಸಿತ್ತು, ಶಿಬಿರದ ಹೆಣ್ಣುಮಕ್ಕಳ ಮೇಲಿನ ಸಿಟ್ಟು ಹೋಗಿತ್ತು. ಹಳ್ಳಿಯೊಂದರ ಸಂಘದ ಅಧ್ಯಕ್ಷೆ ಬಿಲ್ಲನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, "ನಮ್ಮ ಸಲುವಾಗಿ ನಾಲ್ಕೂವರೆ ಸಾವಿರ ಬಿಟ್ಟೀರೇನ್ರೀ ಅಕ್ಕಾರ" ಎಂದು ಕೇಳಿದ್ದನ್ನು ಹೇಳುವಾಗ ಅವರ ಮುಖ ಅರಳಿತ್ತು.

ಹೊರಡುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿದರು. ತಂದೆ ಕಲಿಸುತ್ತಿದ್ದ ಶಾಲೆಯವರು ಮಕ್ಕಳಿಗಾಗಿ ಒಂದು ದಿನ ಬರಲು ಕರೆದಿದ್ದರು, ಅಲ್ಲಿ ದುಡ್ಡು ತೆಗೆದುಕೊಳ್ಳಲು ಮನಸ್ಸಿಲ್ಲ, ಅದಕ್ಕೂ ಬಿಲ್ ಬರೆಯಬೇಕೇ ಎಂದರು. ಬೇಡ, ಹೋಗಿ ಬನ್ನಿ ಎಂದೆ.