ಅತ್ತೆ ಅನ್ಸ್ಕೊಳ್ಳೋದಾ, ಆಂಟಿ ಅನ್ಸ್ಕೊಳ್ಳೋದಾ?

ಈ ಸಲ ಬಂದಿರೋ ಪತ್ರಗಳಲ್ಲಿ ಮಕ್ಕಳು ಯಾರನ್ನ ಏನಂತ ಕರೀಬೇಕು ಅನ್ನೋದೇ ಜಾಸ್ತಿ ಇದೆ, ದಾವಣಗೆರೆ, ದುರ್ಗ ಎರಡೂ ಕಡೆಯಿಂದ ಬಂದಿವೆ. ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ತಗೊಂಡಿದೀನಿ.

ಪ್ರಶ್ನೆ: ಅಕ್ಕಾ, ನಮ್ಮಣ್ಣನ ಹೆಂಡ್ತಿಗೆ ಈಗ ಎಂಟು ತಿಂಗಳು. ಮನೇಲಿ ಮೊದಲನೇ ಮಗು, ಎಲ್ರಿಗೂ ಖುಷಿ. ನಮ್ಮಮ್ಮ ಈಗ್ಲೇ "ಅತ್ತೆ ಆಗ್ತೀಯ ಕಣೇ" ಅಂತ ಶುರು ಮಾಡಿದಾರೆ. ನಂಗೆ ಇಪ್ಪತ್ತಾರು ವರ್ಷ, ಮದ್ವೆ ಆಗಿ ಇನ್ನೂ ಎರಡು ವರ್ಷ ಆಗಿಲ್ಲ. ಅತ್ತೆ ಅಂದ ತಕ್ಷಣ ನಂಗೆ ಕಣ್ಮುಂದೆ ಬರೋದು ಗಂಡನ ಮನೆ ಅತ್ತೆ, ಅಲ್ಲಿ ದಿನಾ ಒಂದು ಮಾತು ಕೇಳ್ಸ್ಕೊಂಡು ಸಾಕಾಗಿದೆ, ಆ ಹೆಸ್ರನ್ನೇ ನಾನೂ ಹೊತ್ಕೋಬೇಕಾ ಅನ್ಸತ್ತೆ. ಬೆಂಗಳೂರಲ್ಲಿರೋ ಫ್ರೆಂಡ್ಸ್ ಎಲ್ಲಾ ಆಂಟಿ ಇಲ್ಲಾ ಅಕ್ಕ ಅಂತ ಕರೆಸ್ಕೋತಾರೆ. ನಾನೂ ಅಕ್ಕ ಅಂತ ಕರೆಸ್ಕೊಂಡ್ರೆ ತಪ್ಪಾ? ಅಮ್ಮ ಮಾತ್ರ ನಾಲ್ಕು ಜನ ನಗ್ತಾರೆ ಅಂತಾರೆ.
– ಹೆಸರು ಬೇಡ, ನಿಟುವಳ್ಳಿ, ದಾವಣಗೆರೆ

ಉತ್ತರ: ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಕರೆಸ್ಕೊಳ್ಳೋಳು ನೀವು, ಹಾಗಾಗಿ ಮೊದಲ ಹಕ್ಕು ನಿಮ್ದೇ. ನಾಲ್ಕು ಜನ ನಗ್ತಾರೋ ಬಿಡ್ತಾರೋ, ಆ ಮಗು ದಿನಕ್ಕೆ ಹತ್ತು ಸಲ ಕರೆಯೋದು ನಿಮ್ಮನ್ನ. ಇಷ್ಟ ಇಲ್ಲದ ಹೆಸರಿಗೆ ಓಗೊಡೋದು ಕಷ್ಟ, ಮಕ್ಕಳಿಗೆ ಅದು ಗೊತ್ತಾಗಿಬಿಡತ್ತೆ.

ಆದ್ರೆ ಅಕ್ಕ ಅನ್ನೋದಕ್ಕೆ ನಾನು ಒಪ್ಪಲ್ಲ ಕಣಮ್ಮಾ. ಯಾಕೆ ಅಂದ್ರೆ ನಮ್ಮಲ್ಲಿ ಒಂದು ಹೆಸರು ಒಂದೇ ಬರಲ್ಲ, ಹಿಂದೆ ಇನ್ನೂ ನಾಲ್ಕನ್ನ ಎಳ್ಕೊಂಡು ಬರತ್ತೆ. ನೀವು ಅತ್ತೆ ಆದ್ರೆ ನಿಮ್ಮ ಯಜಮಾನ್ರು ತಾನಾಗೇ ಮಾಮ ಆಗ್ತಾರೆ, ನಾಳೆ ನಿಮಗೆ ಮಗು ಆದ್ರೆ ಅದು ಅತ್ತೆ ಮಗ, ಅತ್ತೆ ಮಗಳು. ಅದೇ ನೀವು ಅಕ್ಕ ಆದ್ರೆ ನಿಮ್ಮ ಯಜಮಾನ್ರು ಆ ಕೂಸಿಗೆ ಭಾವ ಆಗ್ಬೇಕು, ನಿಮ್ಮ ಮಗುಗೆ ನಿಮ್ಮಣ್ಣನ ಮಗ ಮಾಮ ಆಗ್ಬೇಕು, ಮಗಳಾದ್ರೆ ಚಿಕ್ಕಮ್ಮ. ಒಂದೇ ವಾರಿಗೆ ಮಕ್ಕಳು ಜೊತೇಲಿ ಆಡ್ಕೊಂಡಿರೋವಾಗ ಇದೆಲ್ಲಾ ಯಾರು ಬಿಡಿಸಿ ಹೇಳ್ತಾರೆ? ಆಂಟಿ ಅನ್ನೋದಂತೂ ಪಕ್ಕದ ಮನೆಯವರಿಗೂ ಅದೇ, ಟ್ಯೂಷನ್ ಮೇಡಂಗೂ ಅದೇ, ಬಸ್ಸಲ್ಲಿ ಸೀಟು ಬಿಟ್ಟುಕೊಟ್ಟೋರಿಗೂ ಅದೇ. ಅಪ್ಪನ ಒಡಹುಟ್ಟಿದೋಳಿಗೆ ಅಷ್ಟೇನಾ ಸಿಗ್ಬೇಕಾಗಿರೋದು?

ಅತ್ತೆ ಅನ್ನೋ ಹೆಸರು ಗಂಡನ ತಾಯಿಗೆ ಹೆಂಗೆ ಹೋಯ್ತು ಅಂತ ಸ್ವಲ್ಪ ನೋಡ್ರಿ, ನಿಮ್ಮ ಮನಸ್ಸಿನ ಭಾರ ಇಳೀಬಹುದು. ನಮ್ಮ ಕಡೆ ಅಪ್ಪನ ಅಕ್ಕತಂಗಿ ಅತ್ತೆ, ತಾಯಿ ತಮ್ಮನೋ ಅಣ್ಣನೋ ಅವನ ಹೆಂಡ್ತಿನೂ ಅತ್ತೆ, ಗಂಡನ ತಾಯಿನೂ ಅತ್ತೆ, ಹೆಂಡ್ತಿ ತಾಯಿನೂ ಅತ್ತೆ. ಮುಂಚೆ ಅತ್ತೆ ಮಗಳನ್ನೋ ಮಾವನ ಮಗಳನ್ನೋ ತರೋದು ಮಾಮೂಲಿ, ಹಂಗಾಗಿ ಚಿಕ್ಕಂದಿಂದ ಅತ್ತೆ ಅಂದವಳೇ ಮುಂದೆ ಅತ್ತೆ ಆಗ್ತಿದ್ಲು, ಹೆಸರು ಬದ್ಲಾಯ್ಸೋ ಪ್ರಮೇಯಾನೇ ಇರ್ಲಿಲ್ಲ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಈ ಲೆಕ್ಕ ಒಂದೇ ಥರ ಕೂರತ್ತೆ, ಅಮೆರಿಕದ ಲೂಯಿ ಹೆನ್ರಿ ಮಾರ್ಗನ್ ಅನ್ನೋ ವಿದ್ವಾಂಸರು 1871ರಲ್ಲೇ ಇವುಗಳ ನೆಂಟಸ್ತಿಕೆ ಹೆಸರುಗಳನ್ನ ಪಟ್ಟಿ ಮಾಡಿ ಅಚ್ಚು ಹಾಕಿಸಿದಾರೆ. 1955ರ ಹಿಂದೂ ವಿವಾಹ ಕಾಯ್ದೆ ಅಣ್ಣತಂಗಿ ಮಕ್ಕಳ ಮದ್ವೆಗೆ ಅಡ್ಡ ಹಾಕಿದ್ರೂ ರೂಢಿ ಇರೋ ಕಡೆ ಬಿಟ್ಟಿದ್ದು ಇದಕ್ಕೇನೇ. ಈಗ ಹೊರಗಡೆ ಸಂಬಂಧಾನೇ ಜಾಸ್ತಿ. ಅಂದ್ರೆ ಮೊದಲು ಈ ಹೆಸರು ಅಪ್ಪನ ತಂಗೀದು, ನಿಮ್ದು. ಗಂಡನ ಮನೆಗೆ ಹೋಗಿದ್ದು ನಿಮ್ಮಿಂದಾನೇ.

ಇನ್ನೊಂದು, ತೊಟ್ಲಿಗೆ ಹಾಕೋ ದಿನ ಮಗು ಕಿವೀಲಿ ಕುರ್ರ್ ಅಂತ ಹೆಸರು ಹೇಳೋದು ಯಾರು? ಸೋದರತ್ತೆ. ಹಿಂದಿಂದ ಹೆಂಗಸ್ರೆಲ್ಲಾ ಬೆನ್ನಿಗೆ ಗುದ್ದ್ತಾ ಇರ್ತಾರೆ, ಇವ್ಳು ನಕ್ಕೊಂಡು ಬಗ್ಗಿ ಆ ಪುಟ್ಟ ಕಿವೀಲಿ ಹೆಸರು ಹೇಳ್ತಾಳೆ. ಆ ಮಗು ಹೆಸರು ಮೊದಲು ಕೇಳೋದು ನಿಮ್ಮ ಬಾಯಿಂದ. ಆ ಜಾಗ ಆಂಟಿಗೆ ಇಲ್ಲ, ನಾನು ಇದನ್ನ ನಿಜವಾಗ್ಲೂ ದೊಡ್ಡ ಮಾತು ಅಂತಾನೇ ತಿಳ್ಕೊಂಡಿದೀನಿ.

ಇಷ್ಟಾದ್ಮೇಲೂ ಬರೀ ಅತ್ತೆ ಅನ್ನೋದು ಭಾರ ಅನ್ಸಿದ್ರೆ ಅದನ್ನೇ ನಿಮಗೆ ಬೇಕಾದ ಹಾಗೆ ತಿರುಗಿಸ್ಕೊಳ್ಳಿ. ಪುಟ್ಟತ್ತೆ, ಸಣ್ಣತ್ತೆ, ಅತ್ತಮ್ಮ, ಇಲ್ಲಾ ನಿಮ್ಮ ಮನೇಲಿ ಕರೆಯೋ ಮುದ್ದು ಹೆಸರಿಗೆ ಅತ್ತೆ ಸೇರ್ಸಿ. ಹರಪನಹಳ್ಳಿ ಕಡೆಯವರು ಅತ್ತಿ ಅಂತಾರೆ, ಕೇಳಕ್ಕೆ ಎಷ್ಟು ಚಂದ ಇರತ್ತೆ. ನಮ್ಮ ದಾವಣಗೆರೆ ಜಿಲ್ಲೆ 1997ರಲ್ಲಿ ಆಗಿದ್ದೇ ಮೂರು ಕಡೆಯಿಂದ ಸೇರಿ, ದಾವಣಗೆರೆ, ಹರಿಹರ, ಜಗಳೂರು ದುರ್ಗದಿಂದ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ (ಅದು ಈಗ ವಿಜಯನಗರ ಜಿಲ್ಲೆ), ಹಂಗಾಗಿ ಒಂದೇ ಮದ್ವೆ ಮನೇಲಿ ಅತ್ತೆ, ಅತ್ತಿ, ಅತ್ತೆಮ್ಮ ಎಲ್ಲಾ ಕೇಳ್ಸತ್ತೆ. ಯಾವುದು ಆರಿಸ್ಕೊಂಡ್ರೂ ನಿಮ್ಮ ಅತ್ತಿಗೆಗೆ ಈಗ್ಲೇ ಹೇಳಿಡಿ, ಬಾಣಂತನ ಮುಗಿಸಿ ತವರಿಂದ ಬರೋ ಹೊತ್ತಿಗೆ ಅವರ ಬಾಯಲ್ಲೂ ಅದೇ ಕೂತಿರ್ಲಿ.

ಗಂಡನ ಮನೆ ಮಾತಿನ ಬಗ್ಗೆ ಒಂದೇ ಸಾಲು ಬರೆದು ಬಿಟ್ಟಿದೀರ. ಅದನ್ನ ಬಿಡಿಸಿ ಇನ್ನೊಂದು ಪತ್ರ ಹಾಕ್ರಿ, ಅಚ್ಚು ಹಾಕಲ್ಲ, ನಿಮಗೇ ಉತ್ತರ ಬರೀತೀನಿ.

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ನನ್ನ ತಂಗೀನ ಚಿಕ್ಕಿ ಚಿಕ್ಕಿ ಅಂತ ಹಿಂದೆ ಬೀಳ್ತಾಳೆ. ನನ್ನ ಮೈದುನನ ಹೆಂಡ್ತೀನ ಮಾತ್ರ ಆಂಟಿ ಅಂತಾಳೆ. ನಾವು ಹೇಳ್ಕೊಟ್ಟಿದ್ದಲ್ಲ, ಅವ್ರು ಮದ್ವೆ ಆಗಿ ಬಂದಾಗ ಹಂಗೇ ಶುರು ಆಗೋಯ್ತು. ಮೊನ್ನೆ ನಮ್ಮ ವಾರಗಿತ್ತಿ ನಿಮ್ಮ ಕಡೆಯವರು ಮಾತ್ರ ಸಂಬಂಧ, ನಾನು ಹೊರಗಿನೋಳು ಅಂತ ಅತ್ತುಬಿಟ್ಲು. ಈಗ ಹೆಂಗೆ ಬದ್ಲಾಯ್ಸೋದು?
– ಒಬ್ಬ ತಾಯಿ, ಚಳ್ಳಕೆರೆ

ಉತ್ತರ: ಅವ್ರು ಅತ್ತಿದ್ದಕ್ಕೆ ಅರ್ಥ ಇದೆ. ತಾಯಿ ತಂಗಿನೂ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡ್ತಿನೂ ಚಿಕ್ಕಮ್ಮ, ಇಬ್ರಿಗೂ ಒಂದೇ ಜಾಗ ಕೊಟ್ಟಿದೆ ನಮ್ಮ ಪದ್ಧತಿ. ನಿಮ್ಮ ಮನೇಲಿ ಒಬ್ರಿಗೆ ಅದು ಸಿಕ್ತು ಇನ್ನೊಬ್ರಿಗೆ ಸಿಗ್ಲಿಲ್ಲ, ಯಾರೂ ಬೇಕು ಅಂತ ಮಾಡ್ಲಿಲ್ಲ, ಆದ್ರೂ ನೋವು ನೋವೇ.

ಮಗೂನ ಕೂರ್ಸ್ಕೊಂಡು ಇವತ್ತಿಂದ ಹಿಂಗನ್ನು ಅಂತ ಗದರ್ಸ್ಬೇಡಿ. ಮಕ್ಕಳು ಕಲಿಯೋದು ದೊಡ್ಡೋರು ಕರೆಯೋದು ನೋಡಿ. ಹಿಂದೆ ಕೂಡುಕುಟುಂಬದಲ್ಲಿ ಎಷ್ಟೋ ಮಕ್ಕಳು ಹೆತ್ತ ತಾಯೀನೇ ಅಕ್ಕ ಅಂತಿದ್ರು, ಅಪ್ಪನ್ನ ಅಣ್ಣ ಅಂತಿದ್ರು, ಯಾಕಂದ್ರೆ ಮನೇಲಿ ಚಿಕ್ಕಪ್ಪಂದಿರು ಚಿಕ್ಕಮ್ಮಂದಿರು ಹಂಗೆ ಕರೆಯೋದೇ ಕಿವಿಗೆ ಬೀಳ್ತಿತ್ತು. ಹಂಗಾಗಿ ನೀವು, ನಿಮ್ಮ ಯಜಮಾನ್ರು, ಅಜ್ಜಿ ತಾತ ಎಲ್ರೂ ಮಗು ಮುಂದೆ ಚಿಕ್ಕಮ್ಮ ಕರೀತಿದಾರೆ ನೋಡು, ಚಿಕ್ಕಮ್ಮಂಗೆ ಕೊಟ್ಟು ಬಾ ಅಂತ ಶುರು ಮಾಡ್ರಿ. ಜಡೆ ಹಾಕೋದು, ಸ್ಕೂಲ್ ಬಸ್ಸಿಗೆ ಬಿಡೋದು ಇಂಥ ಒಂದು ಕೆಲ್ಸ ಅವ್ರಿಗೇ ಇರ್ಲಿ, ಹೆಸರು ಬಾಯಿಗೆ ಬೇಗ ಕೂರತ್ತೆ. ನಡುನಡುವೆ ಆಂಟಿ ಅಂತ ಬಂದ್ರೆ ಬರ್ಲಿ, ತಿದ್ದಕ್ಕೆ ಹೋಗ್ಬೇಡಿ.

ಚಿಕ್ಕಿ ಅನ್ನೋದು ನಿಮ್ಮ ತಂಗೀಗೇ ಮೀಸಲಾಗಿದ್ರೆ ಇವ್ರಿಗೆ ಬೇರೆ ಮುದ್ದು ಹೆಸರು ಇಡಬಹುದು, ಸಣ್ಣಮ್ಮ ಅನ್ನಬಹುದು. ಹರಿಹರ ದಾಟಿ ರಾಣೆಬೆನ್ನೂರು ಕಡೆ ಕಾಕಿ ಅಂತಾರೆ, ನಿಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ತೆಲುಗು ಮನೆಮಾತಿನವರು ಪಿನ್ನಿ ಅಂತಾರೆ. ಯಾವುದು ಇಷ್ಟ ಅಂತ ಅವ್ರನ್ನೇ ಕೇಳಿ. ಕೇಳಿದ್ರಿ ಅನ್ನೋದೇ ಅರ್ಧ ನೋವು ಇಳಿಸತ್ತೆ.

ಪ್ರಶ್ನೆ: ನಮ್ಮಕ್ಕ ತೀರ್ಕೊಂಡು ಒಂದು ವರ್ಷದ ಮೇಲಾಯ್ತು. ಅವಳ ಮಗ ಆಗ ಎಂಟು ತಿಂಗಳ ಕೂಸು, ಆವಾಗಿಂದ ನಮ್ಮ ಮನೇಲೇ ಇದಾನೆ, ನಾನೇ ನೋಡ್ಕೋತಿದೀನಿ. ಈಗ ಮಾತು ಬರ್ತಿದೆ, ನನ್ನನ್ನ ಅಮ್ಮ ಅಂತಾನೆ. ನನಗೆ ಕರುಳು ಕಿವುಚಿದಂಗಾಗತ್ತೆ, ಅಕ್ಕನ ಹೆಸ್ರು ಕಿತ್ಕೊಂಡಂಗಾಗತ್ತೆ. ನಮ್ಮಮ್ಮ ಚಿಕ್ಕಮ್ಮ ಅಂತ ಕಲ್ಸು ಅಂತಾರೆ, ಭಾವ ಏನೂ ಹೇಳಲ್ಲ. ಏನ್ ಮಾಡ್ಲಿ?
– ಹೊಸದುರ್ಗ

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ತಾಯೀ, ಆ ಮಗೂನ ತಡೀಬೇಡಿ. ಅವನಿಗೆ ಅಮ್ಮ ಅಂದ್ರೆ ಹಸಿವಾದಾಗ ಬರೋರು, ರಾತ್ರಿ ಎದ್ದಾಗ ಎತ್ಕೊಳ್ಳೋರು, ಅದು ನೀವೇ. ಅಮ್ಮ ಅಂದಾಗ ನೀವು ಮುಖ ತಿರುಗಿಸಿದ್ರೆ ಅವನಿಗೆ ಅರ್ಥ ಆಗೋದು ತಾನೇನೋ ತಪ್ಪು ಮಾಡಿದೆ ಅಂತ ಅಷ್ಟೇ.

ಚಿಕ್ಕಮ್ಮ ಅಂತ ಕಲ್ಸೋದೂ ತಪ್ಪಲ್ಲ. ಆದ್ರೆ ಮಾತು ಕಲಿಯೋ ಮಕ್ಕಳಿಗೆ ಚ, ಕ ಬೇಗ ತಿರುಗಲ್ಲ, ತಿತ್ತಮ್ಮ ಅಂತಾನೆ, ಕೊನೆಗೆ ಅಮ್ಮ ಅಂತಾನೇ ನಿಲ್ಲತ್ತೆ. ಅದನ್ನ ಹಂಗೇ ಬಿಡಿ. ಬದ್ಲು ನಿಮ್ಮಕ್ಕಂಗೆ ಒಂದು ಹೆಸರು ಈಗ್ಲೇ ಇಡಿ, ಹೆತ್ತಮ್ಮ ಅಂತಿರ್ಲಿ, ಅಮ್ಮ ಅನ್ನೋದಕ್ಕೆ ಅವಳ ಹೆಸರು ಸೇರ್ಸಿದ್ರೂ ಸರಿ, ಫೋಟೋ ತೋರ್ಸಿ ದಿನಾ ಆ ಹೆಸರು ಹೇಳಿ, ಅವಳಿಗೆ ಏನಿಷ್ಟ ಇತ್ತು, ಹೆಂಗೆ ನಗ್ತಿದ್ಲು ಅಂತ ಹೇಳಿ. ದೊಡ್ಡೋನಾದ್ಮೇಲೆ ಯಾರೋ ಮೂರನೆಯವರು ಮದ್ವೆ ಮನೇಲಿ ಇವಳು ನಿನ್ನ ಅಮ್ಮ ಅಲ್ಲ ಕಣೋ ಅಂತ ಹೇಳೋ ಸಂದರ್ಭ ಬರ್ಬಾರ್ದು. ಅವನು ಮೊದಲಿಂದಾನೇ ಗೊತ್ತಿದ್ದು ಬೆಳೀಬೇಕು, ಇಬ್ರು ಅಮ್ಮಂದಿರು ಅಂತ.

ನಿಮ್ಮ ಭಾವನ ಜೊತೆ ಒಂದಿನ ಕೂತು ಮಾತಾಡಿ, ಏನೂ ಹೇಳ್ದೇ ಇರೋದು ಒಪ್ಪಿಗೆ ಅಂತ ತಿಳ್ಕೋಬೇಡಿ, ಅವ್ರಿಗೂ ಹೇಳಕ್ಕೆ ಬಾಯಿ ಬರ್ತಿಲ್ಲ ಅನ್ಸತ್ತೆ. ಮತ್ತೆ ಜನ ಈ ಹೆಸರನ್ನ ಹಿಡ್ಕೊಂಡು, ಹೆಂಗೂ ಅಮ್ಮ ಅಂತಾನೆ, ನೀನೇ ಮದ್ವೆ ಆಗಿಬಿಡು ಅಂತ ಒತ್ತಾಯ ಮಾಡಿದ್ರೆ ಅದು ಬೇರೆ ವಿಷಯ, ಮಗು ಕರೆಯೋದಕ್ಕೂ ನಿಮ್ಮ ಮದ್ವೆಗೂ ಗಂಟು ಹಾಕಕ್ಕೆ ಯಾರಿಗೂ ಬಿಡ್ಬೇಡಿ. ನಿಮ್ಮ ವಯಸ್ಸು ಬರೆದಿಲ್ಲ, ಓದೋದು, ಕೆಲಸ ಏನಾದ್ರೂ ನಿಂತಿದ್ರೆ ಮತ್ತೆ ಶುರು ಮಾಡೋ ಬಗ್ಗೆನೂ ಮನೇಲಿ ಮಾತಾಡಿ.

ಪ್ರಶ್ನೆ: ನಮ್ಮೆಜಮಾನ್ರಿಗೆ ಮೂರು ಜನ ಅಕ್ಕಂದಿರು, ಮಕ್ಕಳು ಮೂರೂ ಜನಕ್ಕೂ ಅತ್ತೆ ಅಂತಾರೆ, ಹಬ್ಬಕ್ಕೆ ಸೇರಿದ್ರೆ ಯಾರನ್ನ ಕರೆದ್ರು ಗೊತ್ತಾಗಲ್ಲ. ದೊಡ್ಡತ್ತೆ ಅಂದ್ರೆ ದೊಡ್ಡ ಅಕ್ಕಂಗೆ ವಯಸ್ಸಾಯ್ತು ಅಂದಂಗಾಗತ್ತೆ ಅಂತ ಬೇಜಾರು.
– ಗೃಹಿಣಿ, ಹರಿಹರ

ಉತ್ತರ: ಊರಿನ ಹೆಸರು ಹಚ್ಚಿಬಿಡಿ, ಜಗಳೂರತ್ತೆ, ಹೊಳಲ್ಕೆರೆ ಅತ್ತೆ ಅಂತ. ವಯಸ್ಸಿನ ಮಾತೇ ಬರಲ್ಲ. ಇಬ್ರು ಒಂದೇ ಊರಲ್ಲಿದ್ರೆ ಬಡಾವಣೆ ಹೆಸರು, ವಿದ್ಯಾನಗರದತ್ತೆ, ಪಿ.ಜೆ. ಬಡಾವಣೆ ಅತ್ತೆ. ಮನೆ ಬದಲಾಯ್ಸಿದ್ರೂ ಹಳೇ ಹೆಸರೇ ಇರ್ಲಿ, ಮಕ್ಕಳ ಬಾಯಲ್ಲಿ ಒಂದ್ಸಲ ಕೂತಿದ್ದನ್ನ ಮತ್ತೆ ಮತ್ತೆ ಬದ್ಲಾಯ್ಸಕ್ಕೆ ಹೋಗ್ಬೇಡಿ. ಆ ದೊಡ್ಡ ಅತ್ತೇನ ಮಾತ್ರ ಮೊದಲು ಕೇಳಿ, ಅವ್ರಿಗೆ ತವರಿನ ಹೆಸರು ಬೇಕೋ ಈಗಿರೋ ಊರಿನ ಹೆಸರು ಬೇಕೋ ಅಂತ.