ಕರೆಂಟ್ ಹೋದಾಗ ಮಾತ್ರ ವೈಫೈ ತಡವರಿಸುವುದೇಕೆ?

ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವೈಫೈ ಪವರ್ ಸೇವ್ (ಬ್ಯಾಟರಿ ಉಳಿಸಲು ವೈಫೈ ರೇಡಿಯೊವನ್ನು ಆಗಾಗ ಮಲಗಿಸುವ ಸೌಲಭ್ಯ) ಆನ್ ಇದ್ದರೆ ಎಸ್‌ಎಸ್‌ಎಚ್‌ನಲ್ಲಿ (ದೂರದ ಕಂಪ್ಯೂಟರ್‌ಗೆ ಇಲ್ಲಿಂದಲೇ ಕಮಾಂಡ್ ಟೈಪ್ ಮಾಡುವ ವಿಧಾನ) ಒತ್ತಿದ ಅಕ್ಷರ ತಡವಾಗಿ ಮೂಡುತ್ತದೆ, ಆಫ್ ಮಾಡಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಯಾವುದನ್ನು ಬಿಡಲಿ ಅಂತ ಕೇಳಿದ್ದೀರಿ.

ಯಾವುದನ್ನೂ ಪೂರ್ತಿ ಬಿಡಬೇಕಾಗಿಲ್ಲ. ನಾನು ರಾಯಚೂರಿನಲ್ಲಿ ಮನೆಯಿಂದಲೇ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಮಾಮೂಲಿ. ಪಕ್ಕದ ಶಕ್ತಿನಗರದಲ್ಲೇ ಕರೆಂಟ್ ತಯಾರಾಗುತ್ತದೆ, ಅದು ಬೇರೆ ಮಾತು! ರೂಟರ್ ಇನ್ವರ್ಟರ್ ಮೇಲಿದ್ದರೂ ಕರೆಂಟ್ ಹೋದ ಕೂಡಲೇ ಟೈಪಿಂಗ್ ಎಡವುತ್ತಿತ್ತು. ಇಂಟರ್ನೆಟ್ ಹುಡುಗನ ಜೊತೆ ಸುಮ್ನೆ ಎರಡು ಸಲ ಜಗಳ ಆಡಿದೆ. ನೋಡಿದರೆ ನಾನೇ ಹಾಕಿಕೊಂಡಿದ್ದ ಟಿಎಲ್‌ಪಿ ಅನ್ನುವ ಬ್ಯಾಟರಿ ಉಳಿಸುವ ಪ್ರೋಗ್ರಾಂ, ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದ ತಕ್ಷಣ ಪವರ್ ಸೇವ್ ಆನ್ ಮಾಡುತ್ತಿತ್ತು.

ಒಳಗೆ ನಡೆಯುವುದು ಇಷ್ಟು. ಕೆಲಸವಿಲ್ಲದಾಗ ಲ್ಯಾಪ್‌ಟಾಪ್ "ನಾನು ಮಲಗ್ತೀನಿ" ಅಂತ ರೂಟರ್‌ಗೆ ಹೇಳುತ್ತದೆ. ಬಂದ ಪ್ಯಾಕೆಟ್ಟನ್ನು (ಡೇಟಾದ ಚಿಕ್ಕ ತುಂಡು) ರೂಟರ್ ಹಿಡಿದಿಟ್ಟುಕೊಂಡು, ಬೀಕನ್‌ನಲ್ಲಿ, ಅಂದರೆ ತಾನು ಆಗಾಗ ಹೊರಡಿಸುವ ಸಂಕೇತದಲ್ಲಿ, "ನಿನಗೊಂದು ಬಂದಿದೆ" ಅನ್ನುತ್ತದೆ. ಬೀಕನ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೆ ಒಂದು, ಅಲ್ಲಿಯವರೆಗೆ ಪ್ಯಾಕೆಟ್ ಕಾಯಬೇಕು. ಸರ್ವರ್ ದೂರದ್ದಾದರೆ ಕಾಟ ಜಾಸ್ತಿ. ಒತ್ತಿದ ಅಕ್ಷರಕ್ಕೆ ಉತ್ತರ ಬರುವ ಹೊತ್ತಿಗೆ ರೇಡಿಯೊ ಮಲಗಿಬಿಟ್ಟಿರುತ್ತದೆ.

ನಂಬಿಕೆ ಬರದಿದ್ದರೆ ಇನ್ನೊಂದು ಕಂಪ್ಯೂಟರ್‌ನಿಂದ ನಿಮ್ಮ ಲ್ಯಾಪ್‌ಟಾಪ್‌ಗೆ ಪಿಂಗ್ ಮಾಡಿ, ಅಂದರೆ ಚಿಕ್ಕ ಪ್ಯಾಕೆಟ್ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ನೋಡಿ. ಸೆಕೆಂಡಿಗೆ ಒಂದರಂತೆ ಕಳಿಸಿದಾಗ ನನಗೆ 30, 95, 60 ಮಿಲಿಸೆಕೆಂಡ್ ಅಂತ ಕುಣಿಯಿತು. ಸೆಕೆಂಡಿಗೆ 20 ಕಳಿಸಿದೆ, 3-4 ಮಿಲಿಸೆಕೆಂಡಿಗೆ ಇಳಿಯಿತು. ಪ್ಯಾಕೆಟ್ ಬರುತ್ತಲೇ ಇದ್ದರೆ ಮಲಗಲು ಪುರುಸೊತ್ತೆಲ್ಲಿ, ಅಲ್ವಾ? ದೊಡ್ಡ ಡೌನ್‌ಲೋಡ್‌ಗೆ ಈ ತೊಂದರೆ ಅಷ್ಟಾಗಿ ತಟ್ಟದಿರುವುದೂ ಅದಕ್ಕೇ. ವಿಡಿಯೊ ಹೇಗೂ ಮುಂದಿನದನ್ನು ಮೊದಲೇ ತುಂಬಿಸಿಕೊಂಡಿರುತ್ತದೆ. ಪೆಟ್ಟು ಬೀಳುವುದು ಬಿಟ್ಟು ಬಿಟ್ಟು ಬರುವ ಚಿಕ್ಕ ಪ್ಯಾಕೆಟ್‌ಗಳಿಗೆ: ಎಸ್‌ಎಸ್‌ಎಚ್, ರಿಮೋಟ್ ಡೆಸ್ಕ್‌ಟಾಪ್, ಕೆಲವು ಆಟಗಳು.

ಹಾಗಾಗಿ ಪವರ್ ಸೇವ್ ಆನ್ ಇರಲಿ. ನಾನು ಒಂದು ಪುಟ್ಟ ಸ್ಕ್ರಿಪ್ಟ್ ಬರೆದಿದ್ದೇನೆ. ಎಸ್‌ಎಸ್‌ಎಚ್ ತೆರೆಯುವ ಮುಂಚೆ ಐಡಬ್ಲ್ಯೂ (iw) ಅನ್ನುವ ವೈಫೈ ಕಮಾಂಡ್‌ನಿಂದ ಪವರ್ ಸೇವ್ ಆಫ್ ಮಾಡುತ್ತದೆ, ಮುಚ್ಚಿದ ಮೇಲೆ ಆನ್. ಬ್ಯಾಟರಿ ಚಿಂತೆ ಇದ್ದರೆ ಮೊದಲು ಸ್ಕ್ರೀನ್ ಬ್ರೈಟ್‌ನೆಸ್ ಇಳಿಸಿ. ನನ್ನ ಲ್ಯಾಪ್‌ಟಾಪ್‌ನಲ್ಲಂತೂ ವೈಫೈಗಿಂತ ಅದೇ ಜಾಸ್ತಿ ತಿನ್ನುತ್ತದೆ.

ಒಂದೇ ತೊಡಕು. ಎಸ್‌ಎಸ್‌ಎಚ್ ನಡೆಯುತ್ತಿರುವಾಗಲೇ ಕರೆಂಟ್ ಹೋದರೆ ಟಿಎಲ್‌ಪಿ ಮತ್ತೆ ಆನ್ ಮಾಡಿಬಿಡುತ್ತದೆ. ಆಗ ಇನ್ನೊಮ್ಮೆ ಆಫ್ ಮಾಡಬೇಕು. ನಮ್ಮನೆಯಲ್ಲಿ ಇನ್ವರ್ಟರ್‌ಗೆ ಬಂದ ಫ್ಯಾನ್ ಗುಂಯ್ ಅನ್ನುತ್ತದಲ್ಲ, ಅಷ್ಟರಲ್ಲಿ ನನ್ನ ಕೈ ಕೀಬೋರ್ಡ್ ಮೇಲಿರುತ್ತದೆ.